ಚೌಳು ನೆಲ, ಬತ್ತದ ಮೊಳಕೆ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಗದ್ದೆ ಬೇಸಾಯದ ಒಂದು ಪರಿಶೀಲನೆ

ಹಳೆಯ ಶಾಸನಗಳಲ್ಲಿಯೂ ಕಡತಗಳಲ್ಲಿಯೂ ಗದ್ದೆಯನ್ನು ಅಳೆದಿರುವುದು ಬೀಜದಿಂದ ಎಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಇಷ್ಟು ಖಂಡುಗ ಗದ್ದೆ, ಇಷ್ಟು ಕೊಳಗ ಗದ್ದೆ ಎಂದರೆ ಅಷ್ಟು ಬೀಜ ಹಿಡಿಯುವ ನೆಲ ಎಂದೇ ಅರ್ಥ. ಬೀಜವರಿ ಎಂಬ ಮಾತು ಹುಟ್ಟಿದುದೂ ಇದರಿಂದಲೇ. ಖಂಡುಗದ ನೆಲ ಒಂದೊಂದು ಸೀಮೆಯಲ್ಲಿ ಒಂದೊಂದು ವಿಸ್ತಾರದ್ದಾಗಿತ್ತೆಂದು ನಾವು ತರಗತಿಗಳಲ್ಲಿ ಹೇಳುತ್ತೇವೆ. ಕೊಳಗದ ಗಾತ್ರ ಬೇರೆ ಬೇರೆಯಾಗಿದ್ದುದು ಅದಕ್ಕೆ ಕಾರಣವೆಂದು ವಿವರಿಸಿ ಮುಂದಕ್ಕೆ ಹೋಗುತ್ತೇವೆ. ಆದರೆ ಕೊಳಗ ಒಂದೇ ಆಗಿದ್ದರೂ, ಒಂದೇ ವಿಸ್ತಾರದ ಎರಡು ಗದ್ದೆಗಳು ಒಂದೇ ಪ್ರಮಾಣದ ಬೀಜವನ್ನು ಬೇಡಬೇಕೆಂಬ ನಿಯಮವೇನೂ ಇಲ್ಲ. ಬಿತ್ತಿದ್ದರಲ್ಲಿ ಎಷ್ಟು ಮೊಳೆಯಿತು, ಮೊಳೆತದ್ದರಲ್ಲಿ ಎಷ್ಟು ಸಸಿಯಾಗಿ ನಿಂತಿತು ಎಂಬುದು ಮಣ್ಣಿನ ಗುಣವನ್ನು ಅವಲಂಬಿಸಿದೆ. ಚೌಳು ನೆಲದಲ್ಲಿ ಬಿತ್ತುವವನು ಸಾಯುವ ಸಸಿಗಳ ಲೆಕ್ಕವನ್ನೂ ಮೊದಲೇ ಹಿಡಿದು ಬೀಜವನ್ನು ಅಳೆಯಬೇಕಾಗುತ್ತದೆ. ಕಡತವು ಅಳೆದ ಬೀಜವನ್ನು ಹೇಳುತ್ತದೆಯೇ ಹೊರತು ಸತ್ತ ಸಸಿಯನ್ನು ಹೇಳುವುದಿಲ್ಲ.

ಕಡತ ಹೇಳದೆ ಬಿಟ್ಟಿರುವ ಈ ಸಂಗತಿಯನ್ನು ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಮಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉಪ್ಪಿನ ಅಂಶವು ನೀರಿನಲ್ಲಿ ಬೆಳೆಯುವ ಸಸ್ಯದ ಬೀಜವನ್ನೂ ಎಳೆಯ ಸಸಿಯನ್ನೂ ಹೇಗೆ ಕಾಡುತ್ತದೆಂಬುದು ಸಸ್ಯಶಾಸ್ತ್ರದ ವಿಷಯ; ನಾವು ಆ ಶಾಸ್ತ್ರದವರಲ್ಲ, ಅವರಿಂದ ಕೇಳಿ ತಿಳಿದವರು. ಆದರೂ ಅವರ ಮಾತನ್ನು ಹಿಡಿದುಕೊಂಡು ನಮ್ಮ ಆಧಾರಗಳನ್ನು ಮತ್ತೊಮ್ಮೆ ಓದಿದರೆ, ಬೇಸಾಯದ ಕೆಲವು ಹಳೆಯ ಪದ್ಧತಿಗಳ ಅರ್ಥ ಬೇರೆಯಾಗಿ ತೋರುತ್ತದೆಂಬುದು ನಮ್ಮ ಅಭಿಪ್ರಾಯ. ಬತ್ತವನ್ನು ಜಲಸಸ್ಯವೆಂದು ಕರೆಯಬಹುದೇ ಎಂದು ಕೆಲವರು ಆಕ್ಷೇಪಿಸಬಹುದು. ತಾವರೆ ನೈದಿಲೆಗಳಂತೆ ಅದು ಪೂರ್ಣ ಜಲವಾಸಿಯಲ್ಲ, ನಿಜ. ಆದರೆ ಅದರ ಕಾಂಡದಲ್ಲಿಯೂ ಬೇರಿನಲ್ಲಿಯೂ ಗಾಳಿ ಸಂಚರಿಸುವ ಟೊಳ್ಳು ಅಂಗಾಂಶವಿದೆ. ಗಾಳಿಯ ಸಂಪರ್ಕವಿಲ್ಲದ ನೀರಿನಡಿಯಲ್ಲಿಯೂ ಅದರ ಬೀಜ ಮೊಳೆಯಬಲ್ಲದು. ಜೊಂಡು, ಕೆಸರುಹುಲ್ಲುಗಳ ಸಾಲಿನಲ್ಲಿಯೇ ಅದನ್ನು ಇಡುವುದು ಯುಕ್ತ.

ಮೊದಲು ಸೀಮೆಯ ವಿಷಯ. ಇಂದು ಈ ಮೂರು ತಾಲ್ಲೂಕುಗಳೂ 1997ರಲ್ಲಿ ರಚಿತವಾದ ಚಾಮರಾಜನಗರ ಜಿಲ್ಲೆಗೆ ಸೇರಿವೆ. ಹನೂರು ಮೊದಲು ಕೊಳ್ಳೇಗಾಲದ ಭಾಗವಾಗಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಆದರೆ ಇವುಗಳ ಹಿಂದಿನ ರಾಜಕೀಯ ಚರಿತ್ರೆ ಒಂದೇ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೊಳ್ಳೇಗಾಲದ ಸೀಮೆ ಕಂಪನಿ ಸರ್ಕಾರದ ಪಾಲಾಗಿ ಮದ್ರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರವರೆಗೂ ಅಲ್ಲಿಯೇ ಇದ್ದಿತು. ಯಳಂದೂರು ಮೈಸೂರಿನಲ್ಲಿ ಉಳಿಯಿತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಹೀಗೆ ಹತ್ತಿರ ಹತ್ತಿರದ ಊರುಗಳ ಗದ್ದೆಗಳ ಲೆಕ್ಕ ಒಂದು ಕಡೆ ಮದ್ರಾಸಿಗೂ ಇನ್ನೊಂದು ಕಡೆ ಜಹಗೀರಿಗೂ ಹೋಗುತ್ತಿದ್ದಿತು. ಶಾಸನಗಳ ಪ್ರಕಟಣೆಯಲ್ಲಿ ಕೂಡ ಈ ವಿಭಾಗ ಕಂಡುಬರುತ್ತದೆ: ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಆವೃತ್ತಿಯಲ್ಲಿ ಯಳಂದೂರಿಗೆ ಸ್ಥಾನ ದೊರೆಯಿತು, ಕೊಳ್ಳೇಗಾಲಕ್ಕೆ ದೊರೆಯಲಿಲ್ಲ.

ನೀರಿಗಾದರೋ ಈ ಗಡಿಗಳ ಗೊಡವೆಯಿಲ್ಲ. ಬಿಳಿಗಿರಿರಂಗನ ಬೆಟ್ಟದ ಸಾಲು ಒಂದು ಕಡೆ, ಹನೂರಿನ ಆಚೆಯ ಮಲೆಗಳು ಇನ್ನೊಂದು ಕಡೆ. ಅಲ್ಲಿ ಬಿದ್ದ ಮಳೆ ಹಳ್ಳಗಳಾಗಿ ಇಳಿದು ಕಾವೇರಿಯ ಕಡೆಗೆ ಸಾಗುತ್ತದೆ. ಹೊನ್ನುಹೊಳೆಯೆಂದು ಜನ ಕರೆಯುವ ಸುವರ್ಣಾವತಿಯು ಯಳಂದೂರಿನ ಪಕ್ಕದಲ್ಲಿ ಹರಿದು ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಲಣ ನೆಲ ಕೆಂಪು, ಕಲ್ಲುಮಿಶ್ರಿತ. ತಗ್ಗಿನ ನೆಲ ಕಪ್ಪು ಎರೆ. ಈ ನಾಡಿನ ತಳದಲ್ಲಿರುವ ಗ್ರಾನೈಟ್ ಜಾತಿಯ ಕಲ್ಲು ಕರಗಿ ಮಣ್ಣಾಗುವಾಗ ಅದರಲ್ಲಿನ ಸೋಡಿಯಂ ಅಂಶ ನೀರಿನೊಡನೆ ಸೇರಿ ಕೆಳಕ್ಕೆ ಇಳಿಯುತ್ತದೆ. ಮಳೆ ಯಥೇಚ್ಛವಾಗಿ ಬೀಳುವ ಮಲೆನಾಡಿನಲ್ಲಿ ಅದು ಹೊಳೆಯ ಪಾಲಾಗಿ ಸಮುದ್ರಕ್ಕೆ ಹೋಗುತ್ತದೆ. ಇಲ್ಲಿ ಮಳೆ ಅಷ್ಟಿಲ್ಲ, ಬಿಸಿಲು ಹೆಚ್ಚು; ತಗ್ಗಿನಲ್ಲಿ ನಿಂತ ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಹನೂರಿನ ಇಳಿಜಾರು ನೆಲದಲ್ಲಿ ಚೌಳಿನ ಕಾಟ ಅಷ್ಟಾಗಿ ತೋರದಿರುವುದಕ್ಕೂ, ಯಳಂದೂರು ಕೊಳ್ಳೇಗಾಲಗಳ ತಗ್ಗು ಗದ್ದೆಗಳಲ್ಲಿ ಅದು ಬೇಸಗೆಯಲ್ಲಿ ಬೂದಿ ಚೆಲ್ಲಿದಂತೆ ಬೆಳ್ಳಗೆ ಮೇಲೇಳುವುದಕ್ಕೂ ಇದೇ ಕಾರಣ. ಮೇಲಿನವರ ಉಪ್ಪು ಕೆಳಗಿನವರ ಗದ್ದೆಗೆ ಬರುತ್ತದೆಂದರೆ ತಪ್ಪಾಗಲಾರದು.

ಈ ಬಿಳಿಯ ಪೊರೆಯನ್ನು ಇಂದು ನಾವು ರೋಗವೆಂದು ತಿಳಿಯುತ್ತೇವೆ. ಹಿಂದಿನವರಿಗೆ ಅದು ಪದಾರ್ಥವಾಗಿತ್ತು. ಮಡಿವಾಳರು ಬಟ್ಟೆ ಬೇಯಿಸಲು ಚೌಳು ಮಣ್ಣನ್ನು ತರುತ್ತಿದ್ದರು. ಮೈಸೂರು ನಾಡಿನ ಬೇರೆ ಕಡೆಗಳಲ್ಲಿ ಬಳೆಯ ಗಾಜಿಗೆ ಅದೇ ಮೂಲವಸ್ತುವಾಗಿತ್ತು. ಮತ್ತೋಡಿನ ಬಳೆಗಾರಿಕೆ ಇದಕ್ಕೆ ಪ್ರಸಿದ್ಧ ನಿದರ್ಶನ. ಎಲ್ಲಕ್ಕಿಂತ ಮುಖ್ಯವಾಗಿ, ಸಮುದ್ರದಿಂದ ದೂರವಿದ್ದ ಈ ನಾಡಿನಲ್ಲಿ ಮಣ್ಣಿನಿಂದ ಉಪ್ಪು ತೆಗೆಯುವುದೇ ಒಂದು ಸಮುದಾಯದ ಕಸುಬಾಗಿತ್ತು. ಉಪ್ಪಾರರೆಂಬ ಹೆಸರೇ ಅದನ್ನು ಸಾರುತ್ತದೆ. ಬೇಸಗೆಯಲ್ಲಿ ಮೇಲೆದ್ದ ಉಪ್ಪು ಮಣ್ಣನ್ನು ಕೆರೆದು ಗುಡ್ಡೆಹಾಕಿ, ತೊಟ್ಟಿಗಳಲ್ಲಿ ತುಂಬಿ ನೀರೆರೆದು, ಬಸಿದು ಬಂದ ಉಪ್ಪುನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪನ್ನು ತೆಗೆಯುತ್ತಿದ್ದರು. ಚಾಮರಾಜನಗರ ಜಿಲ್ಲೆಯಲ್ಲಿ ಈ ಸಮುದಾಯದವರ ಸಂಖ್ಯೆ ಇಂದಿಗೂ ಗಣನೀಯವಾಗಿದೆ. ಕಸುಬಾದರೋ ಎಂದೋ ನಿಂತುಹೋಯಿತು. ಕೆರೆ ಕಾಲುವೆಗಳ ಮಣ್ಣಿನ ಕೆಲಸ, ಕಲ್ಲಿನ ಕೆಲಸ, ಬೇಸಾಯ ಇವು ಅದರ ಸ್ಥಾನಕ್ಕೆ ಬಂದುವು.

ಕಸುಬು ನಿಂತುದರಲ್ಲಿ ಎರಡು ಸರ್ಕಾರಗಳ ಚರಿತ್ರೆಯೂ ಬೆರೆತಿದೆ. ಮದ್ರಾಸಿನಲ್ಲಿ ಉಪ್ಪಿನ ಏಕಸ್ವಾಮ್ಯವು 1805ರಲ್ಲಿ ಪ್ರಾರಂಭವಾಯಿತು. ಆ ಏಕಸ್ವಾಮ್ಯದ ಕಣ್ಣಿಗೆ ಮಣ್ಣುಪ್ಪು ಕಳ್ಳಮಾಲು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದರ ತಯಾರಿಕೆಯನ್ನು ಅಡಗಿಸಲಾಯಿತು, 1889ರ ಮದ್ರಾಸು ಉಪ್ಪಿನ ಕಾಯಿದೆಯು ಈ ನಿರ್ಬಂಧವನ್ನು ಬಿಗಿಗೊಳಿಸಿತು. ಕೊಳ್ಳೇಗಾಲವೂ ಇಂದಿನ ಹನೂರೂ ಈ ಆಡಳಿತಕ್ಕೆ ಒಳಪಟ್ಟಿದ್ದುವು. ಯಳಂದೂರು ಒಳಪಟ್ಟಿರಲಿಲ್ಲ. ಮೈಸೂರಿನಲ್ಲಿ ಉಪ್ಪಾರರ ಕಸುಬಿಗೆ ಅಂತಹ ನೇರವಾದ ತಡೆ ಇರಲಿಲ್ಲವಾದರೂ, 1881ರ ಹಸ್ತಾಂತರ ಪತ್ರದಲ್ಲಿ ಬೇಕೆನಿಸಿದಾಗ ಉಪ್ಪಿನ ತಯಾರಿಕೆಯನ್ನು ನಿಲ್ಲಿಸುವಂತೆ ಮಹಾರಾಜರಿಗೆ ಹೇಳುವ ಅಧಿಕಾರವನ್ನು ಬ್ರಿಟಿಷರು ತಮ್ಮಲ್ಲಿಯೇ ಇಟ್ಟುಕೊಂಡರು. ಅಲ್ಲಿ ಕಸುಬನ್ನು ಹಿಂದಕ್ಕೆ ತಳ್ಳಿದುದು ಹೆಚ್ಚಾಗಿ ರೈಲಿನಲ್ಲಿ ಬಂದ ಸಮುದ್ರದ ಉಪ್ಪು. ಉಪ್ಪಿನ ಸುಂಕವು 1947ರಲ್ಲಿ ರದ್ದಾಗುವ ಹೊತ್ತಿಗೆ ಮಣ್ಣುಪ್ಪಿನ ರುಚಿಯನ್ನು ನೆನೆಯುವವರು ಮುದುಕರು ಮಾತ್ರ ಆಗಿದ್ದಿರಬೇಕು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ವರ್ಷವರ್ಷವೂ ನೆಲದ ಮೇಲಣ ಉಪ್ಪನ್ನು ಕೆರೆದು ಒಯ್ಯುತ್ತಿದ್ದ ಕೈಗಳು ನಿಂತುದರಿಂದ ನೆಲದಲ್ಲಿ ಚೌಳು ಹೆಚ್ಚಿತೇ? ಹೀಗೆ ವಾದಿಸುವುದು ಆಕರ್ಷಕವಾಗಿದೆ. ನಾವೂ ಒಮ್ಮೆ ಆ ಆಕರ್ಷಣೆಗೆ ಒಳಗಾದೆವು. ಆದರೆ ಉಪ್ಪಾರರು ಕೆರೆಯುತ್ತಿದ್ದುದು ಸಾಮಾನ್ಯವಾಗಿ ಬೀಳುನೆಲವನ್ನೇ ಹೊರತು ಗದ್ದೆಯನ್ನಲ್ಲ. ಮೇಲಿನ ಒಂದು ಅಂಗುಲವನ್ನು ಕೆರೆದರೆ ಕೆಳಗಿನ ನೀರಿನಿಂದ ಮತ್ತೆ ಲವಣ ಏರುತ್ತದೆ. ಕಾಯಿದೆಯಿಂದ ಅಳಿದುದು ಮುಖ್ಯವಾಗಿ ಒಂದು ತಿಳಿವಳಿಕೆ. ಯಾವ ತಗ್ಗಿನಲ್ಲಿ ಯಾವ ತಿಂಗಳಲ್ಲಿ ಉಪ್ಪು ಮೇಲೇಳುತ್ತದೆ, ಯಾವ ಮಣ್ಣು ತಿನ್ನುವ ಉಪ್ಪನ್ನು ಕೊಡುತ್ತದೆ, ಯಾವುದು ಬಟ್ಟೆ ಒಗೆಯಲು ಮಾತ್ರ ತಕ್ಕದ್ದು ಎಂಬುದನ್ನು ನಾಲಗೆಯಿಂದಲೇ ಹೇಳಬಲ್ಲವರು ಊರೂರಿನಲ್ಲಿ ಇದ್ದರು. ಇಂದು ಮಣ್ಣಿನ ಪರೀಕ್ಷೆಯವರು ಲವಣಮಣ್ಣು, ಕ್ಷಾರಮಣ್ಣು ಎಂದು ಮಾಡುವ ವಿಭಾಗವು ಇದೇ. ಅಮೆರಿಕದ ರಿವರ್‌ಸೈಡಿನ ಲವಣ ಸಂಶೋಧನಾಲಯವು 1954ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಇವುಗಳಿಗೆ ಅಂಕಿಗಳನ್ನು ಗೊತ್ತುಮಾಡಿತು: ಮಣ್ಣಿನ ಸಾರದ ವಿದ್ಯುದ್ವಾಹಕತೆ 4ಕ್ಕಿಂತ ಹೆಚ್ಚಾದರೆ ಲವಣಮಣ್ಣು, ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂ ನೂರಕ್ಕೆ 15ನ್ನು ಮೀರಿ, ರಸಸಾರ ಸಾಮಾನ್ಯವಾಗಿ 8.5ಕ್ಕಿಂತ ಹೆಚ್ಚಾದರೆ ಕ್ಷಾರಮಣ್ಣು.

ಇನ್ನು ಬೀಜದ ವಿಷಯಕ್ಕೆ ಬರೋಣ. ಒಣಗಿದ ಬತ್ತದ ಕಾಳು ಮೊಳೆಯಬೇಕಾದರೆ ಮೊದಲು ನೀರನ್ನು ಹೀರಬೇಕು. ಸುತ್ತಣ ನೀರಿನಲ್ಲಿ ಲವಣ ಹೆಚ್ಚಿದ್ದರೆ ಅಭಿಸರಣದ ನಿಯಮದಂತೆ ನೀರು ಒಳಕ್ಕೆ ಹೋಗುವುದು ನಿಧಾನವಾಗುತ್ತದೆ, ಮೊಳಕೆ ತಡವಾಗುತ್ತದೆ. ಇದನ್ನು ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಿಯಾದರೂ ಮೂರು ತಟ್ಟೆಗಳಲ್ಲಿ ಸಿಹಿನೀರು, ತುಸು ಉಪ್ಪುನೀರು, ಹೆಚ್ಚು ಉಪ್ಪುನೀರು ಹಾಕಿ ನೋಡಬಹುದು. ಆದರೆ ನೋಡುವವರಿಗೆ ಆಶ್ಚರ್ಯವಾಗುವಂತೆ, ಸಾಕಷ್ಟು ಉಪ್ಪಿರುವ ತಟ್ಟೆಯಲ್ಲಿಯೂ ಬತ್ತದ ಬೀಜ ಒಂದೆರಡು ದಿನ ತಡವಾಗಿಯಾದರೂ ಮೊಳೆಯುತ್ತದೆ. ಕೇಡು ತೋರುವುದು ಆಮೇಲೆ. ಕಾಳಿನೊಳಗಣ ಹಿಟ್ಟು ಮುಗಿಯುತ್ತ ಬಂದು, ಸಸಿಯು ತನ್ನ ಬೇರಿನಿಂದಲೇ ಬದುಕಬೇಕಾದ ಕಾಲದಲ್ಲಿ, ಅಂದರೆ ಒಂದು, ಎರಡು, ಮೂರು ಎಲೆಗಳ ಪ್ರಾಯದಲ್ಲಿ, ಅದು ಬಾಡುತ್ತದೆ. ಬೇರು ಗಿಡ್ಡಾಗಿ ಉಳಿಯುತ್ತದೆ; ಎಲೆ ಸುರುಳಿ ಸುತ್ತುತ್ತದೆ; ತುದಿ ಬೆಳ್ಳಗಾಗಿ ಒಣಗುತ್ತದೆ. ನೀರಿನ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ನೀರಿನೊಡನೆ ಬೇರಿನ ಸಂದುಗಳ ಮೂಲಕ ಸೋಡಿಯಂ ನುಗ್ಗಿ ಎಲೆಯಲ್ಲಿ ಶೇಖರವಾಗಿ, ಪೊಟ್ಯಾಸಿಯಂ ಇರಬೇಕಾದ ಸ್ಥಾನವನ್ನು ಆಕ್ರಮಿಸಿಕೊಳ್ಳುತ್ತದೆ. ದೊಡ್ಡ ಪೈರಿನಲ್ಲಿ ಹಳೆಯ ಎಲೆಗಳು ಈ ವಿಷವನ್ನು ಹೊತ್ತು ಸಾಯುತ್ತವೆ, ಹೊಸ ಎಲೆಗಳು ಉಳಿಯುತ್ತವೆ. ಎರಡೇ ಎಲೆಯಿರುವ ಸಸಿಗೆ ಹಾಗೆ ಬಿಟ್ಟುಕೊಡಲು ಎಲೆಯೆಲ್ಲಿ?

ರಿವರ್‌ಸೈಡಿನ ಪಿಯರ್ಸನ್ ಮತ್ತು ಅವರ ಸಂಗಡಿಗರು 1959ರಿಂದ 1966ರವರೆಗೆ ಪ್ರಕಟಿಸಿದ ಲೇಖನಗಳಲ್ಲಿ ಈ ಕ್ರಮವನ್ನು ಸ್ಪಷ್ಟಪಡಿಸಿದರು: ಬತ್ತವು ಮೊಳೆಯುವಾಗ ಉಪ್ಪನ್ನು ಬಹುಮಟ್ಟಿಗೆ ಸಹಿಸುತ್ತದೆ, ಎಳೆಸಸಿಯಾಗಿರುವಾಗ ಸಹಿಸುವುದಿಲ್ಲ, ತೆಂಡೆಯೊಡೆಯುವ ಕಾಲಕ್ಕೆ ಮತ್ತೆ ಗಟ್ಟಿಯಾಗುತ್ತದೆ, ಹೂಬಿಡುವಾಗ ಮತ್ತೊಮ್ಮೆ ದುರ್ಬಲವಾಗುತ್ತದೆ. ಒಟ್ಟು ಬೆಳೆಯ ಲೆಕ್ಕವನ್ನು 1977ರಲ್ಲಿ ಮಾಸ್ ಮತ್ತು ಹಾಫ್‌ಮನ್ ಎಂಬುವರು ಕೊಟ್ಟರು. ಅದರಂತೆ ವಿದ್ಯುದ್ವಾಹಕತೆಯು 3ನ್ನು ದಾಟಿದ ಮೇಲೆ ಏರುವ ಒಂದೊಂದು ಅಂಶಕ್ಕೂ ಬತ್ತದ ಇಳುವರಿ ನೂರಕ್ಕೆ 12ರಂತೆ ಇಳಿಯುತ್ತದೆ. ಲವಣಮಣ್ಣೆಂದು ಕೈಪಿಡಿಯು ಹೆಸರಿಡುವುದು 4ರಲ್ಲಿ; ಬತ್ತಕ್ಕೆ ಅದಕ್ಕಿಂತ ಮೊದಲೇ ತೊಂದರೆ ಪ್ರಾರಂಭವಾಗಿರುತ್ತದೆಂಬುದನ್ನು ಗಮನಿಸಬೇಕು.

ಈ ತಿಳಿವಳಿಕೆಯನ್ನು ಇಟ್ಟುಕೊಂಡು ಬುಕನನ್ನನ ಗ್ರಂಥವನ್ನು ತೆರೆಯೋಣ. ಡಾಕ್ಟರ್ ಫ್ರಾನ್ಸಿಸ್ ಬುಕನನ್ನನು ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದವನು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿ ಬರೆದ ಅವನ ಪ್ರವಾಸಗ್ರಂಥವು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಶಿವನಸಮುದ್ರವನ್ನು ನೋಡಿಕೊಂಡು ಅವನು ಸತ್ತೇಗಾಲ, ಸಿಂಗಾನಲ್ಲೂರು, ಹನೂರು, ಕೌದಳ್ಳಿಗಳ ಮಾರ್ಗವಾಗಿ ಘಟ್ಟವಿಳಿದು ಕಾವೇರಿಪುರಕ್ಕೆ ಹೋದನು. ಆದರೆ ನಮಗೆ ಬೇಕಾದ ವಿವರವಿರುವುದು ಅದಕ್ಕಿಂತ ಮುಂಚೆ, ಶ್ರೀರಂಗಪಟ್ಟಣದ ಸುತ್ತಣ ಬೇಸಾಯವನ್ನು ಅವನು ವಿವರಿಸುವ ಭಾಗದಲ್ಲಿ. ಅಲ್ಲಿ ಹೈನು, ಕಾರು ಎಂಬ ಎರಡು ಬೆಳೆಗಳನ್ನು ಹೇಳಿ, ಬತ್ತವನ್ನು ಬಿತ್ತುವ ಮೂರು ಕ್ರಮಗಳನ್ನು ರೈತರ ಮಾತಿನಲ್ಲಿಯೇ ಹೆಸರಿಸುತ್ತಾನೆ. ಒಣಬೀಜವನ್ನು ಒಣನೆಲಕ್ಕೆ ಹಾಕುವುದು ಬರ ಬತ್ತ. ಬೀಜವನ್ನು ನೆನೆಸಿ ಮೊಳಕೆ ಬರಿಸಿ ಕೆಸರಿಗೆ ಚೆಲ್ಲುವುದು ಮೊಳೆ ಬತ್ತ. ಸಸಿಯನ್ನು ಒಂದೆಡೆ ಬೆಳೆಸಿ ಕಿತ್ತು ನೆಡುವುದು ನಾಟಿ. ನಾಟಿಯ ಅಗೆಯಲ್ಲಿಯೂ ನೀರಗೆ, ಬರ ಅಗೆ ಎಂದು ಎರಡು ವಿಧಗಳನ್ನು ಎಣಿಸಿದ್ದಾನೆ. ಕೊಳ್ಳೇಗಾಲ ಯಳಂದೂರುಗಳ ಬೇಸಾಯವು ಶ್ರೀರಂಗಪಟ್ಟಣದ ಬೇಸಾಯಕ್ಕಿಂತ ಬಹಳ ಬೇರೆಯಾಗಿತ್ತೆಂದು ಭಾವಿಸಲು ಕಾರಣವಿಲ್ಲ. ಅದೇ ಹೊಳೆ, ಅದೇ ಜನ, ಅದೇ ಮಾತು. ಒಟ್ಲು ಬಿಡುವುದು, ಪೈರು ಕೀಳುವುದು ಎಂಬ ಮಾತುಗಳು ಈ ಸೀಮೆಯಲ್ಲೆಲ್ಲ ಬಳಕೆಯಲ್ಲಿವೆ.

ಈ ಮೂರು ಕ್ರಮಗಳನ್ನು ವಿವರಿಸುವವರು ಸಾಮಾನ್ಯವಾಗಿ ನೀರಿನ ಅನುಕೂಲ, ಬೀಜದ ಉಳಿತಾಯ, ಕಳೆಯ ಕಾಟ, ಆಳಿನ ಖರ್ಚು ಇವುಗಳನ್ನು ಕಾರಣವಾಗಿ ಕೊಡುತ್ತಾರೆ. ಅವೆಲ್ಲ ಸರಿಯೇ. ನಾವು ಸೇರಿಸಬೇಕೆಂದಿರುವುದು ಇಷ್ಟು: ಚೌಳಿನ ದೃಷ್ಟಿಯಿಂದ ನೋಡಿದರೆ ಈ ಮೂರೂ ಸಸಿಯ ಬೇರೆ ಬೇರೆ ಪ್ರಾಯಗಳನ್ನು ನೆಲಕ್ಕೆ ಒಡ್ಡುತ್ತವೆ. ಒಣಬಿತ್ತನೆಯಲ್ಲಿ ಬೀಜ ನೀರನ್ನು ಹೀರುವುದರಿಂದ ಮೊದಲುಗೊಂಡು ಎಲ್ಲವೂ ಚೌಳು ನೆಲದಲ್ಲಿಯೇ ನಡೆಯಬೇಕು. ಒಂದು ಮಳೆ ಬಂದು ಹೋಗಿ ಬಿಸಿಲು ಬಿದ್ದರೆ ಉಪ್ಪು ಸರಿಯಾಗಿ ಬೀಜವಿರುವ ಮಟ್ಟಕ್ಕೆ ಏರುತ್ತದೆ. ಮೊಳೆಬಿತ್ತನೆಯಲ್ಲಿ ನೀರು ಹೀರುವ ಕೆಲಸವಾದರೂ ಮಕ್ಕರಿಯಲ್ಲಿ ಸಿಹಿನೀರಿನಲ್ಲಿ ಮುಗಿದಿರುತ್ತದೆ. ಆದರೆ ಅಪಾಯದ ಪ್ರಾಯವು ಗದ್ದೆಯಲ್ಲಿಯೇ ಕಳೆಯಬೇಕು. ನಾಟಿಯಲ್ಲಿ ಆ ಪ್ರಾಯವೂ ಒಟ್ಲಿನಲ್ಲಿ ಕಳೆದುಹೋಗುತ್ತದೆ. ಒಟ್ಲಿಗೆ ಆರಿಸುವ ಪಾತಿ ಸಾಮಾನ್ಯವಾಗಿ ತೂಬಿಗೆ ಅಥವಾ ಬಾವಿಗೆ ಹತ್ತಿರದ, ಗೊಬ್ಬರ ಕಂಡ, ಒಳ್ಳೆಯ ನೀರು ಮೊದಲು ತಲಪುವ ನೆಲ. ನಾಲ್ಕೈದು ಎಲೆಗಳನ್ನು ಹೊತ್ತು ಗದ್ದೆಗೆ ಬರುವ ಪೈರು, ಉಪ್ಪನ್ನು ಹಳೆಯ ಎಲೆಗಳಿಗೆ ನೂಕಿ ಬದುಕಬಲ್ಲ ಪೈರು.

ರೈತನು ಇದನ್ನೆಲ್ಲ ಯೋಚಿಸಿಯೇ ನಾಟಿಯನ್ನು ಆರಿಸಿದನೆಂದು ನಾವು ಹೇಳುವುದಿಲ್ಲ. ಚೌಳಿಲ್ಲದ ಮಲೆನಾಡಿನಲ್ಲಿಯೂ ನಾಟಿಯಿದೆ. ಪದ್ಧತಿಯ ಹುಟ್ಟಿಗೆ ಒಂದು ಕಾರಣವಿರಬಹುದು, ಅದು ಒಂದು ನೆಲದಲ್ಲಿ ನಿಂತುಕೊಳ್ಳುವುದಕ್ಕೆ ಇನ್ನೊಂದು ಕಾರಣವಿರಬಹುದು. ಚೌಳು ಗದ್ದೆಯಲ್ಲಿ ಮೂರು ಕ್ರಮಗಳನ್ನೂ ಪರೀಕ್ಷಿಸಿ ನೋಡಿದವನಿಗೆ ಯಾವುದರಲ್ಲಿ ಪೈರು ಉಳಿಯಿತೆಂಬುದು ಎರಡು ಮೂರು ವರ್ಷಗಳಲ್ಲಿ ತಿಳಿದಿರಲೇಬೇಕು. ಕರ್ನಾಲಿನಲ್ಲಿ 1969ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಲವಣಮಣ್ಣು ಸಂಶೋಧನಾ ಸಂಸ್ಥೆಯವರು ಕ್ಷಾರನೆಲಕ್ಕೆ ಕೊಡುವ ಸಲಹೆಯನ್ನು ಇದರೊಡನೆ ಹೋಲಿಸಬಹುದು: ಮೂವತ್ತು ದಿನಗಳನ್ನು ಮೀರಿದ, ಬಲಿತ ಪೈರನ್ನು, ಒಂದೊಂದು ಗುಣಿಗೆ ಮೂರು ನಾಲ್ಕರಂತೆ ನೆಡಬೇಕು. ಇದರ ಜೊತೆಗೆ ಜಿಪ್ಸಮ್ಮನ್ನೂ ಹಸಿರೆಲೆ ಗೊಬ್ಬರವನ್ನೂ ಅವರು ಹೇಳುತ್ತಾರೆ. ಹೊಂಗೆಯ ಸೊಪ್ಪನ್ನು ಗದ್ದೆಯ ಕೆಸರಿಗೆ ತುಳಿಯುವುದು ನಮ್ಮ ಕಡೆ ಹಳೆಯ ರೂಢಿ. ಕೊಳೆಯುವ ಸೊಪ್ಪಿನಿಂದ ಹೊರಡುವ ಇಂಗಾಲಾಮ್ಲ ವಾಯುವು ನಿಂತ ನೀರಿನಡಿಯ ಮಣ್ಣಿನ ರಸಸಾರವನ್ನು ಇಳಿಸುತ್ತದೆಂದು ರಸಾಯನಶಾಸ್ತ್ರದವರು ವಿವರಿಸುತ್ತಾರೆ. ನೀರು ನಿಲ್ಲಿಸಿ ಬತ್ತ ಬೆಳೆದರೆ ಚೌಳುನೆಲ ತಾನೇ ಸುಧಾರಿಸುತ್ತ ಬರುವುದು ಇದರಿಂದಲೇ, ನೀರು ಕೆಳಕ್ಕೆ ಬಸಿದು ಹೋಗಲು ದಾರಿಯಿದ್ದರೆ ಮಾತ್ರ.

ಆ ದಾರಿಯ ಮಾತೇ ನಮ್ಮನ್ನು ಈಚಿನ ಚರಿತ್ರೆಗೆ ತರುತ್ತದೆ. ಕೆರೆಯ ಅಚ್ಚುಕಟ್ಟಿನಲ್ಲಿ ನೀರು ವರ್ಷದ ಕೆಲವು ತಿಂಗಳು ಮಾತ್ರ ಇರುತ್ತಿದ್ದಿತು. ಉಳಿದ ಕಾಲ ನೆಲ ಬಿಡುವು ಪಡೆಯುತ್ತಿದ್ದಿತು, ಅಂತರ್ಜಲ ಕೆಳಕ್ಕೆ ಇಳಿಯುತ್ತಿದ್ದಿತು. 1974ರಲ್ಲಿ ಕಬಿನಿಯ ಅಣೆಕಟ್ಟೆ ಮುಗಿಯಿತು. ಅದರ ಬಲದಂಡೆ ನಾಲೆಯ ನೀರು ಕಾಲಕ್ರಮದಲ್ಲಿ ಯಳಂದೂರು ಕೊಳ್ಳೇಗಾಲಗಳ ಕಡೆಗೂ ಬಂದಿತು. ಸುವರ್ಣಾವತಿಗೆ ಚಾಮರಾಜನಗರ ತಾಲ್ಲೂಕಿನ ಅಟ್ಟುಗೂಳಿಪುರದ ಬಳಿ ಜಲಾಶಯವಾಯಿತು. ನೀರು ಬಂದುದು ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವವರು ಈ ಸೀಮೆಯಲ್ಲಿ ಯಾರೂ ಇರಲಾರರು. ಆದರೆ ನೀರು ಬರಿಗೈಯಲ್ಲಿ ಬರುವುದಿಲ್ಲ. ಒಂದು ಲೀಟರಿಗೆ ಕಾಲು ಗ್ರಾಮಿನಷ್ಟೇ ಲವಣವಿದೆಯೆಂದು ಇಟ್ಟುಕೊಳ್ಳೋಣ. ಕುಡಿದರೆ ಅದು ಸಿಹಿನೀರೇ. ಒಂದು ಹೆಕ್ಟೇರು ಗದ್ದೆಗೆ ಒಂದು ಬೆಳೆಗೆ ಒಂದು ಮೀಟರು ಆಳದ ನೀರು ಕೊಟ್ಟರೆ 10,000 ಘನ ಮೀಟರು ಆಯಿತು. ಅದರೊಡನೆ ಬಂದ ಲವಣ 2,500 ಕಿಲೋಗ್ರಾಂ. ಬಸಿಗಾಲುವೆಯಿದ್ದರೆ ಅದರ ಬಹುಭಾಗ ಹೊರಕ್ಕೆ ಹೋಗುತ್ತದೆ. ಇಲ್ಲವಾದರೆ ವರ್ಷವರ್ಷವೂ ಅಲ್ಲಿಯೇ ನಿಲ್ಲುತ್ತದೆ. ಜೊತೆಗೆ ಮೇಲೆ ಬಂದ ಅಂತರ್ಜಲವು ತಳದಲ್ಲಿ ಮಲಗಿದ್ದ ಹಳೆಯ ಲವಣವನ್ನೂ ಎಬ್ಬಿಸುತ್ತದೆ.

ಇದು ನಮ್ಮ ಸೀಮೆಗೆ ಮಾತ್ರ ಬಂದ ಪಾಡಲ್ಲ, ಹೊಸದೂ ಅಲ್ಲ. ಪುಣೆಯ ಬಳಿಯ ನೀರಾ ಎಡದಂಡೆ ನಾಲೆಯಲ್ಲಿ 1885ರ ಸುಮಾರಿಗೆ ನೀರು ಹರಿಯತೊಡಗಿತು. ಇಪ್ಪತ್ತೈದು ವರ್ಷ ಕಳೆಯುವುದರೊಳಗೆ, 1910ರಲ್ಲಿ, ಹೆರಾಲ್ಡ್ ಮನ್ ಮತ್ತು ತಮ್ಹಾಣೆಯವರು ಆ ಕಣಿವೆಯ ಉಪ್ಪುನೆಲಗಳನ್ನು ಕುರಿತು ಒಂದು ಗ್ರಂಥಿಕೆಯನ್ನೇ ಬರೆಯಬೇಕಾಯಿತು. ಕಬಿನಿಯ ನಾಲೆಗಳನ್ನು ತೋಡುವ ಹೊತ್ತಿಗೆ ಆ ಗ್ರಂಥಿಕೆಗೆ ಅರವತ್ತು ವರ್ಷಗಳಾಗಿದ್ದುವು. ನೀರು ತರುವ ನಾಲೆಗೆ ದೊರೆಯುವ ಗಮನ ನೀರು ಒಯ್ಯುವ ಬಸಿಗಾಲುವೆಗೆ ಎಂದೂ ದೊರೆತಿಲ್ಲವೆಂಬುದನ್ನು ಇಲ್ಲಿ ಬೇಸರದಿಂದಲೇ ಹೇಳಬೇಕಾಗಿದೆ.

ನಾಲೆಯ ಕೊನೆಯಲ್ಲಿ ಬತ್ತ ಸೋತ ತಗ್ಗುಗಳಲ್ಲಿ ಜೊಂಡು ದಟ್ಟವಾಗಿ ಬೆಳೆಯುವುದನ್ನು ನಾವು ಈ ಸೀಮೆಯಲ್ಲಿ ಓಡಾಡುವಾಗ ಕಂಡಿದ್ದೇವೆ. ಉಪ್ಪು ಬತ್ತವನ್ನು ಕೊಲ್ಲುವುದಾದರೆ ಜೊಂಡನ್ನೇಕೆ ಕೊಲ್ಲುವುದಿಲ್ಲವೆಂದು ಯಾರಾದರೂ ಕೇಳಬಹುದು. ಉತ್ತರ ಮತ್ತೆ ಪ್ರಾಯದಲ್ಲಿದೆ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊ ನದಿಯು ಕಡಲನ್ನು ಸೇರುವೆಡೆಯ ಉಪ್ಪು ಜೌಗಿನಲ್ಲಿ 1980ರಲ್ಲಿ ಜಲಾಶಯಗಳಿಂದ ಬಹುಕಾಲ ಸಿಹಿನೀರು ಹರಿದು ಬಂದಾಗ ಜೊಂಡು ಹಬ್ಬಿತು. ನೀರು ಮತ್ತೆ ಉಪ್ಪಾದ ಮೇಲೂ ಅದು ಹೋಗಲಿಲ್ಲ. ಬೇರ್ ಮತ್ತು ಜೆಡ್ಲರ್ ಅವರು 1987ರಲ್ಲಿ ಇದನ್ನು ವಿವರಿಸಿದರು. ಜೊಂಡಿನ ಬೀಜ ಮೊಳೆಯುವುದಕ್ಕೂ ಸಸಿ ನಿಲ್ಲುವುದಕ್ಕೂ ಕೆಲವು ಕಾಲ ಸಿಹಿನೀರು ಬೇಕು. ನೆಲದೊಳಗೆ ಗೆಡ್ಡೆಯಂಥ ಕಾಂಡ ಬಲಿತ ಮೇಲೆ ಕಡಲಿನ ಉಪ್ಪನ್ನೂ ಅದು ತಾಳಿಕೊಳ್ಳುತ್ತದೆ. ನಮ್ಮ ತಗ್ಗುಗಳಲ್ಲಿ ಮುಂಗಾರಿನ ನೀರೋ ನಾಲೆಯ ಸೋರಿಕೆಯೋ ಆ ಕೆಲವು ಕಾಲವನ್ನು ಒದಗಿಸಿಕೊಡುತ್ತದೆ. ಬತ್ತದ ರೈತನು ಒಟ್ಲಿನಲ್ಲಿ ಮಾಡುವುದನ್ನು ಜೊಂಡಿಗೆ ಸೋರುವ ನಾಲೆ ಮಾಡಿಕೊಡುತ್ತದೆ.

ಕರ್ನಾಟಕದಲ್ಲಿಯೇ ಇದಕ್ಕೆ ಇನ್ನೊಂದು ಹೋಲಿಕೆಯುಂಟು. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ಹಿನ್ನೀರಿನ ಗಜನಿ ಭೂಮಿಯಲ್ಲಿ, ಮಾಣಿಕಟ್ಟೆಯ ಸುತ್ತಮುತ್ತ, ಕಗ್ಗವೆಂಬ ಬತ್ತವನ್ನು ಬೆಳೆಯುತ್ತಾರೆ. ಕಡಲಿನ ಉಬ್ಬರದ ನೀರು ನುಗ್ಗುವ ನೆಲವದು. ಕಗ್ಗವು ಉಪ್ಪನ್ನು ಸಹಿಸುವ ತಳಿಯೆಂದು ಹೆಸರಾಗಿದೆ. ಆದರೆ ಆ ರೈತರು ತಳಿಯೊಂದನ್ನೇ ನಂಬಿ ಕುಳಿತಿಲ್ಲ. ಮುಂಗಾರಿನ ಮಳೆ ಗಜನಿಯ ಉಪ್ಪನ್ನು ತೊಳೆಯುವವರೆಗೆ ಕಾದು, ಮೊಳಕೆ ಬರಿಸಿದ ಬೀಜವನ್ನು ಚೆಲ್ಲುತ್ತಾರೆ. ಅಲ್ಲಿ ತೊಳೆಯುವ ಮಳೆ ಧಾರಾಳವಾಗಿದೆ. ಆದ್ದರಿಂದ ಮೊಳೆಬಿತ್ತನೆಯೇ ಸಾಕು. ಯಳಂದೂರಿನಲ್ಲಿ ಆ ಮಳೆಯಿಲ್ಲ, ಒಟ್ಲು ಬೇಕು.

ಈ ಚರ್ಚೆ ಕೇವಲ ಹಳೆಯ ಕಾಲದ್ದಲ್ಲ. ಕಾವೇರಿಯ ನೀರಿಗಾಗಿ ಜಗಳವಾಡುವ ಈ ದಿನಗಳಲ್ಲಿ, ಕೆಸರಿಲ್ಲದೆ ಕೂರಿಗೆಯಿಂದ ಬತ್ತವನ್ನು ನೇರವಾಗಿ ಬಿತ್ತುವ ಕ್ರಮಕ್ಕೆ ಪ್ರೋತ್ಸಾಹ ದೊರೆಯುತ್ತಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಅದಕ್ಕೆ ತಕ್ಕ ಏರೋಬಿಕ್ ತಳಿಗಳನ್ನು ಹೊರತಂದಿದೆ. ನೀರೂ ಆಳೂ ಉಳಿಯುತ್ತವೆಂಬುದು ನಿಜ. ಬುಕನನ್ನನ ಮಾತಿನಲ್ಲಿ ಹೇಳುವುದಾದರೆ ಇದು ಬರ ಬತ್ತವೇ ಮತ್ತೆ ಬಂದಂತೆ. ಕೆಂಪುನೆಲದಲ್ಲಿ, ಹನೂರಿನ ಇಳಿಜಾರುಗಳಲ್ಲಿ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಚೌಳು ಕಂಡ ತಗ್ಗಿನ ಗದ್ದೆಯಲ್ಲಿ ಅದನ್ನು ಅನುಸರಿಸಿದರೆ ಎರಡೆಲೆಯ ಸಸಿಯನ್ನು ಒಯ್ದು ಉಪ್ಪಿನ ಬಾಯಿಗೆ ಇಟ್ಟಂತಾಗುತ್ತದೆ. ಒಂದು ಸಲಹೆಯನ್ನು ಇಡೀ ಜಿಲ್ಲೆಗೆ ಕೊಡುವುದಕ್ಕೆ ಮುಂಚೆ ಊರಿನಲ್ಲಿ ಯಾವ ಗದ್ದೆಗೆ ಯಾವ ಹೆಸರಿದೆಯೆಂದು ಕೇಳುವುದು ಲೇಸು. ಚೌಳು ಗದ್ದೆಯೆಂದು ಹಿರಿಯರು ಕರೆದ ತುಂಡಿಗೆ ಹಾಗೆ ಕರೆಯಲು ಕಾರಣವಿದ್ದೇ ಇರುತ್ತದೆ.

ಪ್ರಾರಂಭದಲ್ಲಿ ಹೇಳಿದ ಬೀಜವರಿಯ ವಿಷಯಕ್ಕೆ ಮರಳಿದರೆ, ನಮ್ಮ ಊಹೆಯನ್ನು ಪರೀಕ್ಷಿಸಲು ಒಂದು ಮಾರ್ಗವುಂಟು. 19ನೆಯ ಶತಮಾನದ ಸರ್ವೆಗಳು ನೆಲವನ್ನು ಎಕರೆಯಲ್ಲಿ ಅಳೆದುವು. ಅದೇ ತುಂಡಿನ ಹಳೆಯ ಬೀಜವರಿ ಇನಾಮು ಪತ್ರದಲ್ಲಿಯೋ ದೇವಸ್ಥಾನದ ಲೆಕ್ಕದಲ್ಲಿಯೋ ಉಳಿದಿದ್ದರೆ, ಎಕರೆಗೆ ಎಷ್ಟು ಬೀಜವೆಂಬುದು ತುಂಡುತುಂಡಿಗೆ ಹೊರಬೀಳುತ್ತದೆ. ನಾಟಿಯಿಂದ ಬೆಳೆಯುತ್ತಿದ್ದ ಗದ್ದೆಗಳಲ್ಲಿ ವ್ಯತ್ಯಾಸ ಕಡಮೆಯಾಗಿರುವುದನ್ನು ನಿರೀಕ್ಷಿಸಬೇಕು, ಏಕೆಂದರೆ ಅಲ್ಲಿ ಬೀಜ ಬಿದ್ದುದು ಒಟ್ಲಿನ ನೆಲಕ್ಕೆ. ಬಿತ್ತಿದ ಗದ್ದೆಗಳಲ್ಲಿ ಅದು ಎದ್ದು ಕಾಣಬೇಕು. ಕೊಯಮತ್ತೂರು ಜಿಲ್ಲೆಯ ಲೆಕ್ಕಗಳು ಒಂದು ಕಡೆ, ಜಹಗೀರಿನ ಲೆಕ್ಕಗಳು ಇನ್ನೊಂದು ಕಡೆ ಇರುವುದರಿಂದ ಕೆಲಸ ಸುಲಭವಲ್ಲ. ಹೆಚ್ಚು ಬೀಜ ಬೇಡಿದ ತುಂಡುಗಳು ಏರಿಯ ಕೆಳಗಿನವೋ ಹಳ್ಳದ ಬದಿಯವೋ ಎಂದು ಗ್ರಾಮನಕ್ಷೆಯ ಮೇಲೆ ಗುರುತಿಸುವುದನ್ನು ಹೊನ್ನುಹೊಳೆಯ ಕೆಳಗಣ ಯಳಂದೂರಿನ ಊರುಗಳಿಂದ ಮೊದಲುಮಾಡಬೇಕೆಂದಿದ್ದೇವೆ.